ಹೊಂಗೆಯ ಸೊನ್ನೆ

ಯುಗಾದಿ ಕಳೆದ ಮೇಲೆ ಹಲಸೂರು ಕೆರೆಯ ಸುತ್ತಿನ ಹೊಂಗೆ ಮರಗಳು ಹೂ ಬಿಡುತ್ತವೆ. ಬೆಳಗ್ಗೆ ವಾಕಿಂಗ್ ಬರುವವರು ರಸ್ತೆಯ ಮೇಲೆ ಕಡ್ಲೆಪುರಿ ಚೆಲ್ಲಿದ ಹಾಗೆ ಬಿದ್ದಿರುವ ಹೂವನ್ನು ನೋಡಿ ಖುಷಿಪಡುತ್ತಾರೆ. ನಾನು ಆ ದಿನಗಳಲ್ಲಿ ಕೆರೆಯ ಕಡೆ ಹೋಗುವುದಿಲ್ಲ. ಸುತ್ತು ಹಾಕಿಕೊಂಡು ಮಾರ್ಕೆಟ್ ಬೀದಿಯಲ್ಲಿ ಹೋಗುತ್ತೇನೆ. ಮನೆಯಲ್ಲಿ ಕೇಳಿದರೆ, ಆ ಹೂವು ನನಗೆ ಆಗುವುದಿಲ್ಲ, ಸೀನು ಬರುತ್ತದೆ ಅನ್ನುತ್ತೇನೆ. ಅದೂ ಸುಳ್ಳು. ನನ್ನ ಮೂಗಿಗೆ ಏನೂ ಆಗಿಲ್ಲ. ಆ ಮರವನ್ನು ಕಂಡರೆ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ, ಅಷ್ಟೆ.

ನನಗೆ ಇಂಜಿನ್ ಕೆಲಸ ಕಲಿಸಿ, ಅನ್ನಕ್ಕೆ ದಾರಿ ಮಾಡಿಕೊಟ್ಟ ಒಬ್ಬ ಮನುಷ್ಯನಿಗೆ ನಾನು ಮೋಸ ಮಾಡಿದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಎಸ್ಸೆಲ್ಸಿಯವರೆಗೆ. ಬರವಣಿಗೆಯಲ್ಲಿ ಹೆಚ್ಚುಕಡಿಮೆ ಇದ್ದರೆ ಇರಲಿ, ವಿಷಯದಲ್ಲಿ ಈ ಸಲ ಹೆಚ್ಚುಕಡಿಮೆ ಮಾಡುವುದಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಹಲಸೂರಿನಲ್ಲಿ ಜನರೇಟರ್ ಬಾಡಿಗೆಗೆ ಕೊಡುತ್ತಿದ್ದೆ. ಬೇಸಿಗೆ ಬಂತೆಂದರೆ ದಿನಕ್ಕೆ ಮೂರು ನಾಲ್ಕು ಗಂಟೆ ಕರೆಂಟ್ ಇರುತ್ತಿರಲಿಲ್ಲ. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಆಗಿನ್ನೂ ಮನೆಗಳು ಒಂದೊಂದಾಗಿ ಅಂಗಡಿಗಳಾಗುತ್ತಿದ್ದವು. ಸೀರೆ ಅಂಗಡಿ, ಐಸ್‌ಕ್ರೀಮ್ ಅಂಗಡಿ, ದಂತವೈದ್ಯರು, ಎಲ್ಲರಿಗೂ ನನ್ನ ಜನರೇಟರ್ ಬೇಕು. ನಾಲ್ಕು ಚಕ್ರದ ಗಾಡಿಯ ಮೇಲೆ ಇಂಜಿನ್ ಕೂರಿಸಿ, ಟೆಂಪೋ ಹಿಂದೆ ಕಟ್ಟಿ ಎಳೆದುಕೊಂಡು ಹೋಗಿ ನಿಲ್ಲಿಸುತ್ತಿದ್ದೆ. ಬಾಡಿಗೆಯಲ್ಲಿ ಡೀಸೆಲ್ ಸೇರಿರುತ್ತಿತ್ತು. ನಾನು ಅದಕ್ಕೆ ರೇಷನ್ನಿನ ನೀಲಿ ಸೀಮೆಎಣ್ಣೆ ಬೆರೆಸುತ್ತಿದ್ದೆ. ಡೀಸೆಲ್ ಬೆಲೆ ಏರಿದಾಗಲೆಲ್ಲ ಸೀಮೆಎಣ್ಣೆಯ ಪಾಲೂ ಏರುತ್ತಿತ್ತು. ಇಂಜಿನ್ ಕೆಮ್ಮುತ್ತಿತ್ತು. ದಂತವೈದ್ಯರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ನಾನು ನೀಟಾಗಿ ಬಾಚಿದ ತಲೆಯಲ್ಲಿ ಹೋಗಿ ಬಾಡಿಗೆ ತರುತ್ತಿದ್ದೆ.

ಬೆಲೆ ಏರಿದ ಮಾರನೆಯ ದಿನ ವಿರೋಧ ಪಕ್ಷದವರ ಎತ್ತಿನಗಾಡಿ ಮೆರವಣಿಗೆ ಇರುತ್ತಿತ್ತು. ಅದಕ್ಕೂ ನನ್ನ ಜನರೇಟರೇ. ಮೈಕಿಗೆ ಕರೆಂಟ್ ಬೇಕಲ್ಲ. ಹಲಸೂರಿನಿಂದ ಶಿವಾಜಿನಗರದ ತನಕ ಮುಂದೆ ಎತ್ತಿನಗಾಡಿ, ಗಾಡಿಯ ಮೇಲೆ ಮುಖಂಡರು, ಹಿಂದೆ ಹೊಗೆ ಕಾರುತ್ತ ನನ್ನ ಇಂಜಿನ್, ಅದರ ಹಿಂದೆ ಮುಖಂಡರನ್ನು ವಾಪಸು ಕರೆದುಕೊಂಡು ಹೋಗಲು ಸ್ಟಾರ್ಟಿನಲ್ಲೇ ತೆವಳುತ್ತಿದ್ದ ಕಾರುಗಳು. ಊರಿನಲ್ಲಿ ಎತ್ತು ಎಲ್ಲಿದ್ದವು? ಕೆ.ಆರ್. ಪುರಂ ದಾಟಿ ಹೊಸಕೋಟೆ ಕಡೆಯಿಂದ ಲಾರಿಯಲ್ಲಿ ತರಿಸುತ್ತಿದ್ದರು. ಒಂದು ಸಲ ಗಾಡಿ ಹೊಡೆಯುವ ರೈತ ನನ್ನ ಹತ್ತಿರ ಬೀಡಿಗೆ ಬೆಂಕಿ ಕೇಳಲು ಬಂದು ಹೇಳಿದ, "ಅಣ್ಣೋ, ನಮ್ ಎತ್ತು ಲಾರೀಲಿ ಬಂದ್ವು, ಲಾರೀಲೇ ಹೋಗ್ತವೆ. ಡೀಸೆಲ್ ಜಾಸ್ತಿ ಆಯ್ತು ಅಂತ ಕೂಗಾಕೆ ಇವ್ರು ಎಷ್ಟ್ ಡೀಸೆಲ್ ಸುಟ್ರು ನೋಡು."

ನಗು ಬಂತು. ಆಮೇಲೆ ಸರ್ಕಾರ ಬದಲಾಯಿತು. ಕೂಗಿದವರು ಕುರ್ಚಿ ಹತ್ತಿ ತಾವೇ ಬೆಲೆ ಏರಿಸಿದರು. ಇಳಿದವರು ಅದೇ ರೈತನ ಅದೇ ಎತ್ತುಗಳನ್ನು ತರಿಸಿದರು. ಬಾವುಟ ಮಾತ್ರ ಬೇರೆ. ಜನರೇಟರ್ ಆಗಲೂ ನನ್ನದೇ. ಇಂಥವರನ್ನು ಕಂಡು ನಾನು ಉಗಿಯುತ್ತಿದ್ದೆ, ಉಗಿದ ಬಾಯಲ್ಲೇ ಹಲ್ಲು ಕಿರಿದು ಬಾಡಿಗೆ ಮಾತಾಡುತ್ತಿದ್ದೆ.

ನನಗೆ ಕೆಲಸ ಕಲಿಸಿದವರು ಶಿವಾಜಿನಗರದ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಡೀಸೆಲ್ ಪಂಪು ರಿಪೇರಿ ಮಾಡುತ್ತಿದ್ದ ಉಸ್ತಾದರು. ಅವರ ಶೆಡ್ಡಿನ ಒಂದು ಪಕ್ಕ ಹಳೇ ಬೇರಿಂಗ್ ಅಂಗಡಿ, ಇನ್ನೊಂದು ಪಕ್ಕ ಬಿರಿಯಾನಿ ಹಂಡೆಗಳಿಗೆ ಕಲಾಯಿ ಹಾಕುವವರು. ಉಸ್ತಾದರ ಮನೆಮಾತು ದಖ್ಖನಿ. ಕನ್ನಡ ಚೆನ್ನಾಗಿ ಮಾತಾಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಅವರ ಶಿಷ್ಯರಲ್ಲಿ ಹತ್ತನೆಯ ತರಗತಿ ಪಾಸು ಮಾಡಿದ್ದವನು ನಾನೊಬ್ಬನೇ ಆದ್ದರಿಂದ ನನ್ನನ್ನು 'ಎಸ್ಸೆಲ್ಸಿ' ಎಂದೇ ಕರೆಯುತ್ತಿದ್ದರು. ನನಗೆ ಐವತ್ತು ತುಂಬಿದ ಮೇಲೂ ಹಾಗೇ ಕರೆದರು.

ಅವರ ಮೂಗಿನ ಬಗ್ಗೆ ಹೇಳಬೇಕು. ಎರಡು ಹನಿ ಡೀಸೆಲ್ ಅಂಗೈಗೆ ಹಾಕಿಕೊಂಡು ಉಜ್ಜಿ, ಒಮ್ಮೆ ಊದಿ, ಮೂಗಿನ ಹತ್ತಿರ ಹಿಡಿದು ಅದು ಯಾವ ಬಂಕಿನದು ಅಂತ ಹೇಳುತ್ತಿದ್ದರು. ಒಂದು ಸಲ ನನ್ನ ಇಂಜಿನ್ನಿನ ಪಂಪು ಬಿಚ್ಚಿದವರು ಕೈ ಮೂಸಿ, ಸ್ಪ್ಯಾನರ್ ಕೆಳಗಿಟ್ಟರು.

"ಏ ಎಸ್ಸೆಲ್ಸಿ, ನೀಲಿ ಎಣ್ಣೆ ಕುಡಿಸ್ತಿದೀಯಾ ಇದಕ್ಕೆ?"

"ಇಲ್ಲ ಉಸ್ತಾದ್."

"ಬಡವರ ಸ್ಟೌದು ಕಿತ್ಕೊಂಡು ಇಂಜಿನ್‌ಗೆ ಹಾಕ್ತೀಯ, ಮೇಲಿಂದ ನನ್ ಮೂಗಿಗೆ ಸುಳ್ಳು ಹೇಳ್ತೀಯ. ನಕ್ಕೋ ಬಾ, ಇಂಥ ಕೆಲಸ ಬೇಡ." ಹೀಗೆ ಬೈದರೂ ಪಂಪು ತೊಳೆದು, ಮತ್ತೆ ಕೂರಿಸಿ ಕೊಟ್ಟರು.

ಎರಡು ಸಾವಿರದ ಇಸವಿಯ ಆಚೆಗೆ ಡೀಸೆಲ್ ಬೆಲೆ ಮತ್ತೆ ಮತ್ತೆ ಏರಲು ಶುರುವಾದಾಗ ಉಸ್ತಾದರಿಗೆ ಹೊಂಗೆ ಎಣ್ಣೆಯ ಹುಚ್ಚು ಹಿಡಿಯಿತು. ಹುಚ್ಚು ಅಂದವರು ನಾವು. ಅವರಿಗೆ ಅದು ಹಳೆಯ ನೆನಪು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವಂತೆ. ಅವರ ತಂದೆ ಬಸ್ಸಿನ ಹಿಂದಿನ ಡ್ರಮ್ಮಿಗೆ ಇದ್ದಿಲು ತುಂಬುವವರು. "ಯುದ್ಧ ಮುಗೀತು, ಪೆಟ್ರೋಲ್ ಬಂತು, ಡ್ರಮ್ ಗುಜರಿಗೆ ಹೋಯ್ತು. ನಮ್ ಜನಕ್ಕೆ ಕಷ್ಟ ಬಂದ್ರೆ ಬುದ್ಧಿ ಬರುತ್ತೆ, ಕಷ್ಟ ಹೋದ್ರೆ ಬುದ್ಧಿನೂ ಹೋಗುತ್ತೆ," ಅನ್ನುತ್ತಿದ್ದರು.

ಕಂಟೋನ್ಮೆಂಟಿನ ರಸ್ತೆ ಗುಡಿಸುವ ಹೆಂಗಸರು ಹೊಂಗೆ ಕಾಯಿ ಆಯ್ದು ಮೂಟೆಯಲ್ಲಿ ತಂದುಕೊಡುತ್ತಿದ್ದರು. ಕೆ.ಆರ್. ಪುರಂನಲ್ಲಿ ಒಂದು ಹಳೆಯ ಗಾಣ ಇತ್ತು, ಉಸ್ತಾದರು ಅಲ್ಲಿ ಎಣ್ಣೆ ಆಡಿಸಿ, ಹಿಂಡಿಯನ್ನು ಗೊಬ್ಬರಕ್ಕೆ ಅಲ್ಲೇ ಬಿಟ್ಟು ಬರುತ್ತಿದ್ದರು. ಎಣ್ಣೆಯನ್ನು ಬಟ್ಟೆಯಲ್ಲಿ ಮೂರು ಸಲ ಸೋಸುತ್ತಿದ್ದರು. ಆದರೆ ಹೊಂಗೆ ಎಣ್ಣೆ ಮಂದ. ತಣ್ಣಗಿದ್ದರೆ ಪಂಪಿನಲ್ಲಿ ಇಳಿಯುವುದಿಲ್ಲ. ಅದಕ್ಕೆ ಅವರು ಒಂದು ಉಪಾಯ ಮಾಡಿದ್ದರು. ಇಂಜಿನ್‌ಗೆ ಎರಡು ಟ್ಯಾಂಕು. ಮೊದಲು ಡೀಸೆಲ್ಲಿನಲ್ಲಿ ಸ್ಟಾರ್ಟ್ ಮಾಡಬೇಕು. ಹೊಂಗೆ ಎಣ್ಣೆಯ ತಾಮ್ರದ ಕೊಳವೆಯನ್ನು ಸೈಲೆನ್ಸರಿಗೆ ಸುತ್ತಿದ್ದರು. ಹತ್ತು ನಿಮಿಷದಲ್ಲಿ ಸೈಲೆನ್ಸರ್ ಕಾದು ಎಣ್ಣೆ ತೆಳ್ಳಗಾದ ಮೇಲೆ ಕಾಕ್ ತಿರುಗಿಸಬೇಕು. ಕಾಕ್ ಅಂದರೆ ಕೊಳವೆಯ ಸಣ್ಣ ನಲ್ಲಿ. ಎಡಕ್ಕೆ ತಿರುಗಿಸಿದರೆ ಡೀಸೆಲ್, ಬಲಕ್ಕೆ ತಿರುಗಿಸಿದರೆ ಹೊಂಗೆ. ನಿಲ್ಲಿಸುವ ಮೊದಲು ಮತ್ತೆ ಡೀಸೆಲ್. ಜೊತೆಗೆ ಇನ್ನೊಂದು ಷರತ್ತು. ಇಂಜಿನ್ ಮೇಲೆ ಲೋಡ್ ಇರಬೇಕು, ಅಂದರೆ ಲೈಟೋ ಮೋಟರೋ ಏನಾದರೂ ಓಡುತ್ತಿರಬೇಕು.

"ಎಣ್ಣೆ ಬಿಸಿ ಇರ್ಬೇಕು, ಇಂಜಿನ್‌ಗೆ ಕೆಲಸ ಇರ್ಬೇಕು. ಕೆಲಸ ಇಲ್ದಿದ್ರೆ ಸೋಮಾರಿ ಥರ ಬೀಡಿ ಸೇದ್ತಾ ಕೂತ್ಕೊಳ್ಳುತ್ತೆ," ಅನ್ನುತ್ತಿದ್ದರು. ನಿಜ. ಲೋಡ್ ಇಲ್ಲದಿದ್ದರೆ ಬಿಳಿ ಹೊಗೆ ಬಿಡುತ್ತಿತ್ತು, ಎಣ್ಣೆ ಕಮಟಿದ ವಾಸನೆ ಬರುತ್ತಿತ್ತು. ಲೋಡ್ ಬಂತೋ, ಮೂರು ನಾಲ್ಕು ನಿಮಿಷದಲ್ಲಿ ಸರಿಹೋಗುತ್ತಿತ್ತು. ನನ್ನದೇ ಒಂದು ಇಂಜಿನ್ನಿಗೆ ಅದನ್ನು ಕೂರಿಸಿದ್ದರು. ನಾನು ಕಣ್ಣಾರೆ ಎಷ್ಟೋ ದಿನ ಓಡಿಸಿ ನೋಡಿದ್ದೇನೆ. ಅದು ಸುಳ್ಳಲ್ಲ.

ಅದರಿಂದ ಅವರಿಗೆ ಬೇಕಾಗಿದ್ದು ಒಂದೇ. "ಒಂದೇ ಒಂದು ಸರ್ಕಾರಿ ನೀರಿನ ಪಂಪು ಇದ್ರಲ್ಲಿ ಓಡ್ಬೇಕು. ನಾನು ಬದುಕಿರೋವಾಗ ನೋಡ್ಬೇಕು. ಆಮೇಲೆ ನನ್ ಕೆಲಸ ಮುಗೀತು."

ಶೆಡ್ಡಿನ ಮುಂದೆ ಹಾಕಲು ಕನ್ನಡದಲ್ಲಿ ಒಂದು ಬೋರ್ಡು ಬೇಕು ಅಂದರು. ಎಸ್ಸೆಲ್ಸಿ ನಾನೇ ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ ಬರೆದೆ. ಬರೆದು ತೂಗುಹಾಕಿದ ಮೇಲೆ ಬೇರಿಂಗ್ ಅಂಗಡಿಯವನು ಹೊರಗೆ ಬಂದು ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಏನ್ ಉಸ್ತಾದ್, 'ಹೊಗೆ ಎಣ್ಣೆ ಇಂಜಿನ್' ಅಂತೆ! ಹಾಕಿಸ್ಕೊಂಡ್ರಾ ಹೊಗೆ?"

ಹೊಂಗೆ ಬರೆಯುವಾಗ ಸೊನ್ನೆ ಬಿಟ್ಟಿದ್ದೆ. ನಮ್ಮ ಊರಿನಲ್ಲಿ ಹೊಗೆ ಹಾಕಿಸಿಕೊಳ್ಳುವುದು ಅಂದರೆ ಕಥೆ ಮುಗಿಯುವುದು, ಸಾಯುವುದು. ಉಸ್ತಾದರಿಗೆ ಬಿಡಿಸಿ ಹೇಳಿದಾಗ ಅವರೂ ನಕ್ಕರು. "ಒಂದು ನುಖ್ತಾ ಬಿಟ್ಟು ನನ್ನ ಸಾಯ್ಸಿಬಿಟ್ಯಲ್ಲೋ! ನಮ್ ಬರಹದಲ್ಲೂ ಹಂಗೇ, ಒಂದು ಚುಕ್ಕಿ ಹೆಚ್ಚುಕಮ್ಮಿ ಆದ್ರೆ ಖುದಾ ಹೋಗಿ ಜುದಾ ಆಗುತ್ತೆ. ದೇವರು ಹೋಗಿ ಅಗಲಿಕೆ. ಹಾಕಪ್ಪ, ಸೊನ್ನೆ ಹಾಕು." ನಾನು ಏಣಿ ಹತ್ತಿ ಹೊ ಮತ್ತು ಗೆ ನಡುವಿನ ಇಕ್ಕಟ್ಟಿನಲ್ಲಿ ಒಂದು ಸೊನ್ನೆ ತುರುಕಿದೆ.

ಆಗ ನಮ್ಮ ಕಡೆಯ ಕಾರ್ಪೊರೇಟರ್ ಒಬ್ಬರ ಕಿವಿಗೆ ಈ ಸುದ್ದಿ ಬಿತ್ತು. ಎಲ್ಲ ಪಕ್ಷಗಳಿಗೂ ಹಸಿರಿನ ಮೇಲೆ ಪ್ರೀತಿ ಹುಟ್ಟಿದ್ದ ಕಾಲ ಅದು. ಇಂದಿರಾನಗರದ ಒಂದು ಮೈದಾನದಲ್ಲಿ ಹಸಿರು ಇಂಧನದ ಕಾರ್ಯಕ್ರಮ, ಮಂತ್ರಿಗಳು ಬರುತ್ತಾರೆ, ಹೊಂಗೆ ಎಣ್ಣೆಯ ಜನರೇಟರಿನಲ್ಲಿ ದೀಪ ಹೊತ್ತಿಸುತ್ತಾರೆ, ಉಸ್ತಾದರಿಗೆ ವೇದಿಕೆಯ ಮೇಲೆ ಸನ್ಮಾನ ಅಂತ ಗೊತ್ತಾಯಿತು. ಆ ಕಾರ್ಪೊರೇಟರಿಗೆ ಕೆ.ಆರ್. ಪುರಂ ದಾರಿಯ ಒಂದು ಪೆಟ್ರೋಲ್ ಬಂಕಿನಲ್ಲಿ ಪಾಲಿತ್ತು. ಕಾರ್ಯಕ್ರಮದ ಹಿಂದಿನ ವಾರವೇ ರಸ್ತೆ ಅಗಲ ಮಾಡಲು ಮೈದಾನದ ಪಕ್ಕದ ಏಳು ಹೊಂಗೆ ಮರ ಕಡಿಸಿದ್ದರು. ಕಡಿದ ಬೊಡ್ಡೆಗಳು ಕಾಣದಂತೆ ಅವುಗಳ ಮೇಲೆ 'ಹಸಿರೇ ಉಸಿರು' ಎಂಬ ಬ್ಯಾನರ್ ಕಟ್ಟಿದರು. ಕಟ್ಟಲು ಹಗ್ಗ ಕೊಟ್ಟವನು ನಾನೇ.

ಕಾರ್ಯಕ್ರಮ ಸಂಜೆಗೆ. ಮಧ್ಯಾಹ್ನವೇ ನಾನು ಮತ್ತು ಉಸ್ತಾದರು ಇಂಜಿನ್ ತಂದು ವೇದಿಕೆಯ ಪಕ್ಕ ನಿಲ್ಲಿಸಿದೆವು. ಒಂದು ಸಲ ಓಡಿಸಿ ನೋಡಿದೆವು. ಕಾಕ್ ಬಲಕ್ಕೆ ತಿರುಗಿಸಿ ನನ್ನ ಕೈಗೆ ಒಪ್ಪಿಸಿ, ಉಸ್ತಾದರು ಬಟ್ಟೆ ಬದಲಾಯಿಸಲು ಮನೆಗೆ ಹೋದರು. ಲೈಟು ಯಾವುದೂ ಹೊತ್ತಿರಲಿಲ್ಲವಾದ್ದರಿಂದ ಇಂಜಿನ್ ಬೀಡಿ ಸೇದತೊಡಗಿತು. ಬಿಳಿ ಹೊಗೆ ಮಂತ್ರಿಗಳ ಕುರ್ಚಿಯ ಕಡೆಗೇ ಹೋಯಿತು. ಕಾರ್ಪೊರೇಟರ ಪಿಎ ಮೂಗು ಮುಚ್ಚಿಕೊಂಡು ಓಡಿ ಬಂದ.

"ಏನ್ ಗುರು ಇದು, ಬೋಂಡಾ ಅಂಗಡಿ ಇಟ್ಟಿದೀಯಾ?"

"ಲೋಡ್ ಇಲ್ಲ ಸಾರ್. ಹ್ಯಾಲೊಜೆನ್ ಹಚ್ಚಿಬಿಡಿ, ನಾಲ್ಕು ನಿಮಿಷದಲ್ಲಿ ಹೊಗೆ ನಿಲ್ಲುತ್ತೆ."

"ಲೈಟ್ ಹಚ್ಚೋದು ಮಂತ್ರಿಗಳು. ಅವ್ರು ಸ್ವಿಚ್ ಒತ್ತೋಕ್ ಮುಂಚೆ ನಾವ್ ಹಚ್ಚಿದ್ರೆ ಅವ್ರೇನ್ ಆರಿಸ್ತಾರಾ? ನೋಡು, ಅವ್ರ ಮುಖಕ್ಕೆ ಈ ಹೊಗೆ ಹೋದ್ರೆ ಅಣ್ಣನಿಗೆ ಹೊಗೆ, ನನಗೆ ಹೊಗೆ, ನಿನಗೂ ಹೊಗೆ. ಡೀಸೆಲ್‌ನಲ್ಲೇ ಓಡ್ಸು."

"ಹೊಂಗೆ ಎಣ್ಣೆ ಅಂತ ಬೋರ್ಡ್ ಹಾಕಿದೀರಲ್ಲ ಸಾರ್."

"ಬೋರ್ಡ್ ಓಡುತ್ತೇನೋ? ಒಂದು ಗಾಜಿನ ಜಾಡಿ ತುಂಬ ಎಣ್ಣೆ ಇಟ್ಟು ಅದ್ರಿಂದ ಪೈಪ್ ಎಳೆದಂಗೆ ಮಾಡು, ಕಾಣ್ಬೇಕು ಅಷ್ಟೆ." ಆಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿ, "ಈ ವರ್ಷ ಗಣೇಶ, ರಾಜ್ಯೋತ್ಸವ, ಹೆಲ್ತ್ ಕ್ಯಾಂಪು, ವಾರ್ಡಿನ ಎಲ್ಲ ಫಂಕ್ಷನ್‌ಗೂ ಜನರೇಟರ್ ನಿಂದೇ. ಅಣ್ಣನಿಗೆ ನಾನ್ ಹೇಳ್ತೀನಿ," ಅಂದ.

ನಾನು ಕಾಕ್ ಎಡಕ್ಕೆ ತಿರುಗಿಸಿದೆ. ಅದಕ್ಕೆ ಎರಡು ಬೆರಳು ಸಾಕಿತ್ತು. ಗಾಜಿನ ಜಾಡಿಗೆ ಕೆಂಪಗಿನ ಹೊಂಗೆ ಎಣ್ಣೆ ತುಂಬಿ, ಅದರಿಂದ ಒಂದು ಪಾರದರ್ಶಕ ಪೈಪನ್ನು ಇಂಜಿನ್ ಪೆಟ್ಟಿಗೆಯೊಳಗೆ ಇಳಿಬಿಟ್ಟು, ಒಳಗಿನ ತುದಿಯನ್ನು ಮಡಚಿ ತಂತಿಯಲ್ಲಿ ಬಿಗಿದೆ. ಜಾಡಿಗೆ ಚೆಂಡುಹೂವಿನ ಹಾರ ಹಾಕಿದರು. ದೇವರಿಗೆ ಹಾಕಿದ ಹಾಗೆ.

ಮಂತ್ರಿಗಳು ಬಂದರು. ಸ್ವಿಚ್ ಒತ್ತಿದರು. ಆರು ಹ್ಯಾಲೊಜೆನ್ ಲೈಟು ಒಟ್ಟಿಗೇ ಹೊತ್ತಿದವು, ಜನ ಚಪ್ಪಾಳೆ ತಟ್ಟಿದರು. ಮಂತ್ರಿಗಳು ಸೈಲೆನ್ಸರಿನ ಹತ್ತಿರ ಬಗ್ಗಿ ನೋಡಿ ಮೈಕಿನಲ್ಲಿ ಹೇಳಿದರು, "ಹೊಗೆನೇ ಇಲ್ಲ ಸ್ವಾಮಿ! ವಾಸನೆನೂ ಇಲ್ಲ! ಇದು ಹೊಗೆಯಿಲ್ಲದ ಹೊಂಗೆ!" ಪತ್ರಿಕೆಯವರು ಬರೆದುಕೊಂಡರು.

ಇನ್ನೊಂದು ವಿಷಯ ಹೇಳದಿದ್ದರೆ ಇಷ್ಟು ಬರೆದೂ ಪ್ರಯೋಜನವಿಲ್ಲ. ಲೈಟು ಹೊತ್ತಿದ ಮೇಲೆ ಲೋಡ್ ಬಂದಿತ್ತು. ಸೈಲೆನ್ಸರ್ ಕಾದಿತ್ತು. ಆಗಲಾದರೂ ನಾನು ಕಾಕ್ ಬಲಕ್ಕೆ ತಿರುಗಿಸಿದ್ದರೆ ಹೊಂಗೆ ಎಣ್ಣೆ ಶುದ್ಧವಾಗಿ ಉರಿಯುತ್ತಿತ್ತು, ಸುಳ್ಳು ಅಲ್ಲಿಗೇ ನಿಜವಾಗಿಬಿಡುತ್ತಿತ್ತು. ಕಾಕ್ ನನ್ನ ಕೈಯಳತೆಯಲ್ಲಿತ್ತು. ಏನಾದರೂ ಆಗಿಬಿಟ್ಟರೆ ವಾರ್ಡಿನ ಬಾಡಿಗೆ ಹೋಗುತ್ತದಲ್ಲ ಅಂತ ಮುಟ್ಟಲಿಲ್ಲ.

ವೇದಿಕೆಯ ಮೇಲೆ ಉಸ್ತಾದರಿಗೆ ಶಾಲು ಹೊದಿಸಿ, ಅವರ ಬಿಳಿ ಟೋಪಿಯ ಮೇಲೇ ಮೈಸೂರು ಪೇಟ ಇಟ್ಟರು. ಅದು ವಾಲಿಕೊಂಡಿತ್ತು. ಅವರು ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು ತಲೆ ಎತ್ತಿದರು. ಗಾಳಿ ಅವರ ಕಡೆಗೇ ಬೀಸುತ್ತಿತ್ತು. ಮೂಗು ಎರಡು ಸಲ ಅರಳಿದ್ದನ್ನು ನಾನು ಕೆಳಗಿನಿಂದ ನೋಡಿದೆ. ಅವರು ನನ್ನ ಕಡೆ ತಿರುಗಿದರು. ನಾನು ಕೇಬಲ್ ಸುತ್ತತೊಡಗಿದೆ.

ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಕೇಳಿದರು. "ಎಸ್ಸೆಲ್ಸಿ, ಕಾಕ್ ಯಾವ ಕಡೆ ಇತ್ತು?"

"ಬಲಗಡೆನೇ ಉಸ್ತಾದ್."

"ಅಚ್ಛಾ," ಅಂದರು. ಅಷ್ಟೇ.

ಸ್ವಲ್ಪ ದಿನಕ್ಕೆ ಸರ್ಕಾರಿ ಕಚೇರಿಯಿಂದ ಉಸ್ತಾದರಿಗೆ ಕರೆ ಬಂತು. ಹೊರಮಾವಿನ ಒಂದು ಕೊಳವೆಬಾವಿಯ ಪಂಪ್‌ಹೌಸಿನಲ್ಲಿ ಇಂಜಿನ್ ಓಡಿಸಿ ತೋರಿಸಬೇಕು, ಸರಿಹೋದರೆ ಅಲ್ಲೇ ಇಟ್ಟುಕೊಳ್ಳುತ್ತಾರೆ. ಅವರು ಆಸೆಪಟ್ಟಿದ್ದ ಆ ಒಂದು ಪಂಪು. ಹೊರಮಾವು ಆಗ ಅರ್ಧ ಹಳ್ಳಿ, ಅರ್ಧ ಲೇಔಟು. ನಾವು ಹೋಗುವಷ್ಟರಲ್ಲಿ ಹೆಂಗಸರು ಪ್ಲಾಸ್ಟಿಕ್ ಕೊಡಗಳನ್ನು ಸಾಲಾಗಿ ಇಟ್ಟು ಕಾಯುತ್ತಿದ್ದರು. ಮೂವರು ಇಂಜಿನಿಯರುಗಳು ಬಂದಿದ್ದರು. ಹಿರಿಯರ ಕೈಯಲ್ಲಿ 'ಹೊಗೆಯಿಲ್ಲದ ಹೊಂಗೆ' ಸುದ್ದಿಯ ಪತ್ರಿಕೆ ತುಂಡು ಇತ್ತು. ಕಾರ್ಪೊರೇಟರ ಪಿಎ ಅಡಿಕೆ ಅಗಿಯುತ್ತ ನಿಂತಿದ್ದ.

ಡೀಸೆಲ್ಲಿನಲ್ಲಿ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಟ್ಟು ಉಸ್ತಾದರೇ ಕಾಕ್ ತಿರುಗಿಸಿದರು. "ಈಗ ಮೋಟರ್ ಹಾಕ್ಬೇಕು ಸಾರ್," ಅಂದರು.

"ಇರಿ, ಇರಿ. ಮೊದಲು ಲೋಡ್ ಇಲ್ದೆ ನೋಡೋಣ. ಅವತ್ತು ಮಂತ್ರಿಗಳು ಸ್ವಿಚ್ ಒತ್ತೋಕ್ ಮುಂಚೆನೂ ಹೊಗೆ ಇರ್ಲಿಲ್ಲವಲ್ಲ."

ಬಿಳಿ ಹೊಗೆ ಬಂತು. ಹಿರಿಯ ಇಂಜಿನಿಯರ್ ಪತ್ರಿಕೆಯ ತುಂಡನ್ನೂ ಸೈಲೆನ್ಸರನ್ನೂ ನೋಡಿದರು.

"ಏನ್ರೀ ಇದು? ಅವತ್ತು ಇರ್ಲಿಲ್ಲ, ಇವತ್ತು ಇದೆ. ಎಣ್ಣೆಗೆ ಏನ್ ಮಿಕ್ಸ್ ಮಾಡಿದೀರಿ? ಸೀಮೆಎಣ್ಣೆನಾ?"

ಜೀವಮಾನದಲ್ಲಿ ಒಂದು ತೊಟ್ಟು ಬೆರೆಸದ ಮನುಷ್ಯನಿಗೆ ಆ ಮಾತು. ಬೆರೆಸುವವನು ನಾನು ಪಕ್ಕದಲ್ಲೇ ನಿಂತಿದ್ದೆ. ಉಸ್ತಾದರು ಬನಿಯನ್ ಚೂರಿನಲ್ಲಿ ನಿಧಾನವಾಗಿ ಕೈ ಒರೆಸಿಕೊಳ್ಳುತ್ತ ನನ್ನನ್ನೇ ನೋಡಿದರು. ಒಂದು ಮಾತು ಸಾಕಿತ್ತು. 'ಸಾರ್, ಅವತ್ತು ಓಡಿದ್ದು ಡೀಸೆಲ್, ತಪ್ಪು ನಂದು' ಅಂದಿದ್ದರೆ ಮುಗಿದುಹೋಗುತ್ತಿತ್ತು. ಪಿಎ ನನ್ನನ್ನು ನೋಡಿ ಹುಬ್ಬು ಹಾರಿಸಿದ. ನಾನು ಕೂತುಕೊಂಡು, ಆಗಲೇ ಬಿಗಿಯಾಗಿದ್ದ ಒಂದು ಬೋಲ್ಟನ್ನು ಮತ್ತೆ ಬಿಗಿದೆ.

ಆಮೇಲೆ ಮೋಟರ್ ಹಾಕಿದರು. ನಾಲ್ಕು ನಿಮಿಷಕ್ಕೆ ಹೊಗೆ ನಿಂತಿತು. ನೀರು ಬಂತು. ಅಷ್ಟು ಹೊತ್ತಿಗೆ ಇಂಜಿನಿಯರುಗಳು ಜೀಪು ಹತ್ತುತ್ತಿದ್ದರು. ಕೊಡ ಹಿಡಿದಿದ್ದ ಒಬ್ಬ ಹೆಂಗಸು ಕೂಗಿ ಹೇಳಿದಳು, "ಹೊಗೆ ಬಂದ್ರೆ ಏನಾಯ್ತು ಸಾರ್, ನೀರ್ ಬಂತಲ್ಲ! ನಮ್ಮನೆ ಒಲೇಲಿ ಹೊಗೆ ಬರಲ್ವಾ?" ಜೀಪು ನಿಲ್ಲಲಿಲ್ಲ. ಪ್ರಾತ್ಯಕ್ಷಿಕೆಯಲ್ಲಿ ಕಂಡ ಫಲಿತಾಂಶ ಕಂಡುಬಂದಿಲ್ಲ, ಹೊಗೆ ವಿಪರೀತ, ಶಿಫಾರಸು ಇಲ್ಲ ಅಂತ ಬರೆದರಂತೆ. ಪಿಎನೇ ನಗುತ್ತ ಹೇಳಿದ.

ಶಿವಾಜಿನಗರದ ಗಲ್ಲಿಯಲ್ಲಿ ಯಾರೋ ಬೋರ್ಡಿನ ಸೊನ್ನೆಯನ್ನು ಮೊಳೆಯಿಂದ ಕೆರೆದು ಹಾಕಿದರು. ಆಟೋದವರು ಉಸ್ತಾದರನ್ನು 'ಹೊಗೆ ಸಾಹೇಬ್ರು' ಅನ್ನಲು ಶುರುಮಾಡಿದರು. ಅವರು ನನಗೆ ಫೋನ್ ಮಾಡಿದರು. "ಎಸ್ಸೆಲ್ಸಿ, ಸೊನ್ನೆ ಹೋಗಿದೆಯಂತೆ. ನಂಗೆ ಓದೋಕ್ ಬರಲ್ಲ, ಎಲ್ಲಿ ಹಾಕ್ಬೇಕೋ ಗೊತ್ತಾಗಲ್ಲ. ಬಂದು ಹಾಕಿ ಹೋಗು."

"ನಾಳೆ ಬರ್ತೀನಿ ಉಸ್ತಾದ್."

ನಾಳೆ ಹೋಗಲಿಲ್ಲ. ಐದು ವರ್ಷ ಹೋಗಲಿಲ್ಲ. ಪಂಪು ಕೆಟ್ಟರೆ ಬೇರೆ ಕಡೆ ಕೊಟ್ಟೆ.

ವಾರ್ಡಿನ ಬಾಡಿಗೆಗಳು ನನಗೇ ಬಂದವು. ಡೀಸೆಲ್ ಎರಡು ರೂಪಾಯಿ ಏರಿದರೆ ನಾನು ಬಾಡಿಗೆಯನ್ನು ಅದಕ್ಕಿಂತ ಹೆಚ್ಚು ಏರಿಸಿ, 'ಏನ್ ಮಾಡೋದು ಸಾರ್, ಸರ್ಕಾರ' ಅನ್ನುತ್ತಿದ್ದೆ. ಕಾರ್ಪೊರೇಟರು ಪಕ್ಷ ಬದಲಾಯಿಸಿ ಮತ್ತೆ ಎತ್ತಿನಗಾಡಿ ಹತ್ತಿದರು. ಹತ್ತಲು ಸ್ಟೂಲು ಹಿಡಿದುಕೊಂಡವನು ನಾನು. ಆಮೇಲೆ ಮನೆಮನೆಗೆ ಇನ್ವರ್ಟರ್ ಬಂತು. ಮೆಟ್ರೋ ಕೆಲಸಕ್ಕೆ ಬೈಯಪ್ಪನಹಳ್ಳಿಯಿಂದ ಈಚೆಗೆ ರಸ್ತೆ ಅಗೆದರು, ಉಳಿದ ಮರಗಳೂ ಹೋದವು. ನನ್ನ ಕಸುಬು ಕುಂದಿತು.

ಉಸ್ತಾದರು ಹಾಸಿಗೆ ಹಿಡಿದಿದ್ದಾರೆ ಅಂತ ಬೇರಿಂಗ್ ಅಂಗಡಿಯವನು ಹೇಳಿದಾಗ ಹೋದೆ. ಅವರ ಸೊಸೆ ಬಾಗಿಲು ತೆಗೆದು, "ನೀವೇನಾ ಎಸ್ಸೆಲ್ಸಿ? ಮಾಮಾ ನಿಮ್ ಹೆಸ್ರು ಹೇಳ್ತಾನೇ ಇರ್ತಾರೆ," ಅಂದಳು. ನೆಲ ನೋಡಿಕೊಂಡು ಒಳಗೆ ಹೋದೆ. ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು, ಕ್ಷೇಮ ಸಮಾಚಾರ ಏನೂ ಕೇಳದೆ ಹೇಳಿಬಿಟ್ಟೆ.

"ಉಸ್ತಾದ್, ಅವತ್ತು ಇಂದಿರಾನಗರದಲ್ಲಿ ಓಡ್ಸಿದ್ದು ಡೀಸೆಲ್."

"ಹೌ ರೇ," ಅಂದರು. "ನಂಗೆ ಮೂಗಿಲ್ವಾ?"

"ಗೊತ್ತಿದ್ದೂ ಹೊರಮಾವಿನಲ್ಲಿ ಯಾಕೆ ಹೇಳ್ಲಿಲ್ಲ?"

"ನೀನ್ ಹೇಳಿದ್ರೆ ಅದು ಸತ್ಯ. ನಾನ್ ಹೇಳಿದ್ರೆ ಸೋತಿರೋ ಮುದುಕನ ಕಂಪ್ಲೇಂಟು. ನೀನ್ ಹೇಳ್ತೀಯ ಅಂತ ಕಾದೆ." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡರು. "ಈಗ ನಂಗ್ ಹೇಳಿ ಏನ್ ಉಪಯೋಗ? ನಂಗ್ ಗೊತ್ತಿತ್ತು. ಆ ಫೈಲ್‌ಗೆ ಹೇಳು. ನಾನು ಸೀಮೆಎಣ್ಣೆ ಮಿಕ್ಸ್ ಮಾಡ್ದೆ ಅಂತ ಆ ಇಂಜಿನಿಯರುಗಳ ಮನಸ್ಸಲ್ಲಿದೆ. ಬರೆದು ಕೊಡು, ಸೀಲ್ ಹಾಕಿಸ್ಕೊಂಡು ಬಾ."

ನಾನು ಎರಡು ಹಾಳೆ ಬರೆದೆ. ಈ ಸಲ ಹೊಂಗೆ ಎಂಬಲ್ಲೆಲ್ಲ ಸೊನ್ನೆ ಇದೆಯೇ ಅಂತ ಮೂರು ಸಲ ನೋಡಿದೆ. ಕಚೇರಿಗೆ ತೆಗೆದುಕೊಂಡು ಹೋದೆ. ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು. ಹೊರಗೆ ಜನರೇಟರ್ ಓಡುತ್ತಿತ್ತು, ಅದರಲ್ಲಿ ಸೀಮೆಎಣ್ಣೆ ಬೆರೆತಿರುವುದು ನನಗೂ ಗೊತ್ತಾಯಿತು. ಗುಮಾಸ್ತ ಮೊದಲ ಹಾಳೆಯ ಅರ್ಧ ಓದಿ ತಲೆ ಎತ್ತಿದ.

"ಯಾವ ಸ್ಕೀಮ್ ತಾತ, ಹೊಂಗೆನಾ? ಅದು ಹೋದ ಗೌರ್ಮೆಂಟ್‌ದು. ಈಗ ಸೋಲಾರ್ ನಡೀತಿದೆ."

"ಇದನ್ನ ಆ ಫೈಲಿಗೆ ಸೇರಿಸಿದ್ರೆ ಸಾಕು. ಒಂದು ಸೀಲ್ ಹಾಕಿ ಕೊಡಿ."

"ಸೀಲ್ ಹಾಕಿದ್ರೆ ಅದು ಟಪಾಲು. ಟಪಾಲು ಅಂದ್ರೆ ನಾನ್ ಉತ್ತರ ಬರೀಬೇಕು. ಮಂತ್ರಿಗಳ ಕಾರ್ಯಕ್ರಮ ಸುಳ್ಳು ಅಂತ ಬರೆದಿದೀರಿ, ಇದಕ್ಕೆ ಏನಂತ ಉತ್ತರ ಬರೀಲಿ? ಮನೆಗ್ ಹೋಗಿ ತಾತ." ಹಾ‍ಳೆಗಳನ್ನು ಮಡಚಿ ನನ್ನ ಜೇಬಿಗೆ ತಾನೇ ಇಟ್ಟ.

ಇನ್ನೊಂದು ಮೇಜಿಗೆ ಹೋಗಬಹುದಿತ್ತು. ಜಗಳ ಆಡಬಹುದಿತ್ತು. ಅಂಚೆಯಲ್ಲಿ ರಿಜಿಸ್ಟರ್ ಮಾಡಬಹುದಿತ್ತು. ಬಸ್ ಹತ್ತಿ ಶಿವಾಜಿನಗರಕ್ಕೆ ಬಂದೆ.

"ಕೊಟ್ಟೆಯಾ?" ಅಂತ ಕೇಳಿದರು ಉಸ್ತಾದರು.

"ಕೊಟ್ಟೆ ಉಸ್ತಾದ್."

"ಸೀಲ್ ಹಾಕಿದ್ರಾ?"

"ಹಾಕಿದ್ರು."

ಅವರು ಕಣ್ಣು ಮುಚ್ಚಿಕೊಂಡೇ ತಲೆ ಸ್ವಲ್ಪ ಎತ್ತಿದರು. ವೇದಿಕೆಯ ಮೇಲೆ ಕಂಡ ಹಾಗೆ ಮೂಗು ಎರಡು ಸಲ ಅರಳಿತು. "ಅಚ್ಛಾ," ಅಂದರು. ಅದೇ ಅಚ್ಛಾ. ಆ ತಿಂಗಳು ಮುಗಿಯುವುದರೊಳಗೆ ತೀರಿಕೊಂಡರು. ಹಾಳೆಗಳು ಇನ್ನೂ ನನ್ನ ಹತ್ತಿರವೇ ಇವೆ, ಸೀಲಿಲ್ಲದೆ.

ಅವುಗಳಲ್ಲಿ ಬರೆದದ್ದು ಇಷ್ಟು. ಇಂದಿರಾನಗರದ ಮೈದಾನದಲ್ಲಿ ಓಡಿದ್ದು ಡೀಸೆಲ್. ಜಾಡಿಯ ಪೈಪನ್ನು ಮಡಚಿ ಕಟ್ಟಿದವನು ನಾನು. ಉಸ್ತಾದರು ಎಣ್ಣೆಗೆ ಏನನ್ನೂ ಬೆರೆಸಿರಲಿಲ್ಲ. ಹೊರಮಾವಿನಲ್ಲಿ ಓಡಿದ್ದು ಹೊಂಗೆ ಎಣ್ಣೆ. ಮೋಟರ್ ಹಾಕಿ ನಾಲ್ಕು ನಿಮಿಷವಾದ ಮೇಲೆ ಹೊಗೆ ನಿಂತಿತ್ತು. ನೀರು ಬಂದಿತ್ತು. ಅಲ್ಲಿದ್ದ ಹೆಂಗಸರೆಲ್ಲ ಕೊಡ ತುಂಬಿಕೊಂಡು ಮನೆಗೆ ಹೋದರು.